ಮೇಷ್ಟ್ರ ಮೇಲೆ ಮೇಷ್ಟ್ರಿಂದಲೇ ಬರೆಸಿದ ಅರ್ಜಿ

ಈ ಪಾಠ ಕಲಿಯಲು ನನಗೆ ಖರ್ಚಾದದ್ದು ಒಂದು ಸ್ಟೀಲ್ ಟಿಫನ್ ಕ್ಯಾರಿಯರ್. ಪಾತ್ರೆ ಅಂಗಡಿಯವನು ಇಪ್ಪತ್ತೆರಡು ರೂಪಾಯಿ ಎಂದದ್ದನ್ನು, ಎರಡು ಸಲ ಮೆಟ್ಟಿಲಿಳಿದು ಹೊರಟಂತೆ ಮಾಡಿ, ಹದಿನಾರಕ್ಕೆ ತಂದಿದ್ದೆ. ಯಾಕೆ ಕೊಂಡೆನೆಂದರೆ, ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು, ತಿಪಟೂರಿನಲ್ಲಿ ಕೊಬ್ಬರಿ ಮಂಡಿ ತೆರೆದು ನಾಲ್ಕು ಕಾಸು ಕಂಡ ನನ್ನನ್ನು ಪೇಟೆ ಹಿಂದಿನ ಸರ್ಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಓದದವನಿಗೆ ಓದಿನ ಮೇಲಿರುವಷ್ಟು ಅಕ್ಕರೆ ಓದಿದವನಿಗೆ ಇರುವುದಿಲ್ಲ. ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ, ಚರಿತ್ರೆಯಲ್ಲೋ ಪೌರನೀತಿಯಲ್ಲೋ ಒಂದೇ ಒಂದು ಸರಿಯುತ್ತರ ಕೊಟ್ಟವರಿಗೆ ಕ್ಯಾರಿಯರ್ ಎಂದು ಸಾರಿದೆ. ಪ್ರಶ್ನೆ, ಉತ್ತರ ಎರಡೂ ಚೀಟಿಯಲ್ಲಿದ್ದವು. ಉತ್ತರ ನನಗೂ ಬೇಕಿತ್ತಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ನಮ್ಮನ್ನು ಆಳುತ್ತಿದ್ದವರು ಯಾರೆಂದರೆ ಹಳೇ ಹೆಡ್‌ಮೇಷ್ಟ್ರು ಎಂದ ಒಬ್ಬ. ಶಾಸಕರ ಕೆಲಸವೇನೆಂದರೆ ಜೀಪಿನಲ್ಲಿ ಹೋಗುವುದು ಎಂದ ಇನ್ನೊಬ್ಬ. ಪ್ರಜಾಪ್ರಭುತ್ವವೆಂದರೆ ಬೂಂದಿ ಕೊಡುವ ದಿನವಂತೆ. ಕ್ಯಾರಿಯರ್ ಹೋದ ದಾರಿಯಲ್ಲೇ ಮನೆಗೆ ಬಂತು. "ಒಳ್ಳೇದೇ ಆಯ್ತು ಬುಡ್ರಿ, ಸಾರಿಗಾಯ್ತದೆ" ಎಂದಳು ಮನೆಯವಳು.

ದೇಶದ ಗತಿಯೇನು ಎಂದು ನನಗೆ ಊಟ ಸೇರಲಿಲ್ಲ. ಸಮಾಜ ಪಾಠದ ಮೇಷ್ಟ್ರನ್ನು ವರ್ಗ ಮಾಡಿಸುವುದೇ ಸರಿಯೆಂದು ಅರ್ಜಿ ಬರೆಸಲು ಕೂತೆ. ತೊಡಕೆಂದರೆ ನನ್ನ ಕಾಗದಪತ್ರ ಬರೆಯುವವರು ಒಬ್ಬರೇ: ಮಾರುಕಟ್ಟೆ ಕಮಿಟಿಗೆ, ತೆರಿಗೆ ಆಫೀಸಿಗೆ, ವ್ಯಾಗನ್ ಸಿಗಲಿಲ್ಲವೆಂದು ರೈಲ್ವೆಗೆ, ಎಲ್ಲಕ್ಕೂ ಮಲ್ಲೇಶಯ್ಯ ಮೇಷ್ಟ್ರೇ. ಸಮಾಜ ಪಾಠದ ಮೇಷ್ಟ್ರೂ ಅವರೇ. ಅಧ್ಯಕ್ಷ ಕರೆದರೆ ಪಾಪ, ಬರುವುದಿಲ್ಲ ಎನ್ನುವುದು ಹೇಗೆ? ಮೂಟೆಗಳ ನಡುವೆ ಕೂತು, ನಾನು ಹೇಳಿದ್ದನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ಇಳಿಸಿದರು. ಒಂದು ಕಡೆ ಮಾತ್ರ ಪೆನ್ನು ನಿಲ್ಲಿಸಿ, "ಹೆಸರು ಹಾಕ್ಲಾ ಸಾಹುಕಾರ್ರೇ, ಬರೀ ಹುದ್ದೆ ಸಾಕಾ?" ಎಂದರು. ಹೆಸರೂ ಇರಲಿ, ನನಗೆ ಅರೆಬರೆ ಕೆಲಸ ಆಗದು ಎಂದೆ.

ಹೆಸರು ಬರೆದರು. ಆಮೇಲೆ ತಲೆಯೆತ್ತದೆ, "ವರ್ಗ ಅಂದ್ರೆ ಪಾವಗಡದ ಕಡೆ ಎಸೀತಾರೆ. ನಮ್ಮನೆಯವ್ಳಿಗೆ ಈಗ ಏಳು ತಿಂಗ್ಳು" ಎಂದರು. ವಿಶ್ವಾಸ ಬೇರೆ, ವ್ಯವಹಾರ ಬೇರೆ ಎಂದು ಬುದ್ಧಿ ಹೇಳಿದೆ. "ವರ್ಗಾಯಿಸಬೇಕಾಗಿ ಪ್ರಾರ್ಥನೆ" ಎಂದು ಮುಗಿಸಿ, ಇಂಕು ಆರಲೆಂದು ಊದಿಯೂ ಕೊಟ್ಟರು.

ಅರ್ಜಿಗೆ ಸಮಿತಿಯ ಸೀಲು ಬೇಕು, ಸೀಲು ಶಾಲೆಯಲ್ಲಿದೆ. ಬುಧವಾರ ಮೇಷ್ಟ್ರನ್ನು ರೈಲ್ವೆ ಕಾಗದಕ್ಕೆ ಕೂರಿಸಿ ನಾನೇ ಹೊರಟೆ. ಏಳನೇ ಕ್ಲಾಸು ಸಂತೆಯಾಗಿತ್ತು. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದ ಎರಡು ಜಡೆಯ ಹುಡುಗಿಯನ್ನು ಇದು ಯಾವ ಪೀರಿಯಡ್ಡಮ್ಮ ಎಂದು ಕೇಳಿದೆ.

"ಸಮಾಜ ಸಾ."

"ಮೇಷ್ಟ್ರೆಲ್ಲಿ?"

"ನಿಮ್ ಮಂಡೀಲವ್ರೆ ಸಾ. ಬುಧವಾರ ಶನಿವಾರ ಕೊಬ್ರಿ ಮಾರ್ಕೆಟ್ಟಲ್ವಾ? ನಮ್ ಸಮಾಜನೂ ಆ ಎರಡೇ ದಿನ."

ಚೌಕಾಸಿ ಹುಟ್ಟುಗುಣ ನೋಡಿ, ಈ ವರ್ಷ ಮಾತ್ರ ತಾನೇ ಎಂದೆ. "ಐದ್ನೇ ಕ್ಲಾಸಿಂದ್ಲೂ ಸಾ" ಎಂದಳು. ಅದಕ್ಕಿಂತ ಇಳಿಸಲಾಗಲಿಲ್ಲ. ಮನೆಯಿಂದ ಕ್ಯಾರಿಯರ್ ತರಿಸಿ ಅವಳ ಕೈಗಿಟ್ಟೆ. ನನ್ನ ಪ್ರಶ್ನೆಗೆ ಆ ಶಾಲೆಯಲ್ಲಿ ಸಿಕ್ಕ ಸರಿಯುತ್ತರ ಅದೊಂದೇ.

ಮಂಡಿಗೆ ಬಂದಾಗ ಮೇಷ್ಟ್ರು ಸೀಲಾಯಿತೇ ಎಂದು ಕೇಳಿದರು. ಅರ್ಜಿ ಹರಿದು, ಇನ್ನು ಮೇಲೆ ಬುಧವಾರ ಶನಿವಾರ ಈ ಕಡೆ ತಲೆ ಹಾಕಬೇಡಿ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಅದ್ನೇ ಒಂದ್ಸಾಲು ಬರೆದುಕೊಡ್ಲಾ, ನೀವು ಸೈನ್ ಹಾಕಿ" ಎಂದರು. ಹಾಕಿಕೊಟ್ಟೆ.

ಆದ್ದರಿಂದ ನನ್ನ ಸಲಹೆ: ಮಕ್ಕಳಿಗೆ ಏನೂ ತಿಳಿಯದೆಂದು ಅರ್ಜಿ ಹಾಕುವ ಮುಂಚೆ ಶಾಲೆಯ ಗೋಡೆಯ ಮೇಲಿನ ವೇಳಾಪಟ್ಟಿ ಓದಿ. ಬಹುಮಾನದ ಪಾತ್ರೆಯನ್ನು ಪಂದ್ಯ ಮುಗಿದ ಮೇಲೆ ಕೊಳ್ಳಿ. ಕಾಗದ ಬರೆಸಲೇಬೇಕಿದ್ದರೆ ಭಾನುವಾರ ಬರೆಸಿ, ಉಪ್ಪಿಟ್ಟು ಕೊಡಿ. ಸ್ವಂತ ಬರೆಯುವ ಸಾಹಸಕ್ಕಂತೂ ಹೋಗಬೇಡಿ. ಮೊನ್ನೆ ವ್ಯಾಗನ್ ಬೇಕೆಂದು ನಾನೇ ರೈಲ್ವೆಗೆ ಬರೆದಿದ್ದೆ. ಏನು ಬೇಕೆಂದು ತಿಳಿಯುವಂತೆ ಬರೆಯಿರಿ ಎಂದು ವಾಪಸ್ಸು ಕಳಿಸಿದ್ದಾರೆ. ಭಾನುವಾರಕ್ಕೆ ಕಾಯುತ್ತಿದ್ದೇನೆ.