ಚಿಕ್ಕಬಾಣಾವರದ ಅಲೆಗಳು

ಲಗ್ಗೆರೆಯಿಂದ ಪೀಣ್ಯಕ್ಕೆ ಹೋಗುವ ಸಿಟಿ ಬಸ್ಸಿನಲ್ಲೇ ಹೊಟ್ಟೆ ತೊಳಸುವವಳಿಗೆ ಸಿಂಗಪುರದ ಹಡಗಿನಲ್ಲಿ ಏನು ಗತಿ? ಶೈಲಜಾ ಬೆಳಿಗ್ಗೆ ಬಚ್ಚಲಿನ ಕನ್ನಡಿಯ ಮುಂದೆ ಹಲ್ಲುಜ್ಜುತ್ತ ತನ್ನನ್ನೇ ಕೇಳಿಕೊಂಡಳು. ಕನ್ನಡಿಯವಳ ಬಾಯಿತುಂಬ ನೊರೆ ಇದ್ದುದರಿಂದ ಉತ್ತರ ಬರಲಿಲ್ಲ. ಗಾಲಿ ಇರುವ ಯಾವುದನ್ನು ಹತ್ತಿದರೂ ತನಗೆ ವಾಂತಿ ಬರುತ್ತದೆ ಎಂಬುದನ್ನು ಹಾವೇರಿಯಲ್ಲಿರುವ ಅವ್ವನೊಬ್ಬಳನ್ನು ಬಿಟ್ಟರೆ ಅವಳು ಯಾರಿಗೂ ಹೇಳಿರಲಿಲ್ಲ. ಆಫೀಸಿನಲ್ಲಿ "ಬಸ್ ತಪ್ತು ಸಾರ್" ಎಂದು ಸುಳ್ಳು ಹೇಳಿ ಹೆಚ್ಚಿನ ದಿನ ನಡೆದೇ ಬರುತ್ತಿದ್ದಳು.

ಹಡಗಿನ ಕತೆ ಹೀಗೆ. ಅವಳು ಕೆಲಸ ಮಾಡುವ ಪಂಪ್‌ಸೆಟ್ ಕಾರ್ಖಾನೆಯವರು ಆ ವರ್ಷ ಹೆಚ್ಚು ಪಂಪು ಮಾರಿದ ಡೀಲರುಗಳನ್ನು ಸಿಂಗಪುರಕ್ಕೆ ಕರೆದೊಯ್ದು, ಅಲ್ಲಿಂದ ಮೂರು ದಿನ ಹಡಗಿನಲ್ಲಿ ತೇಲಿಸುವುದಾಗಿ ಘೋಷಿಸಿದ್ದರು. ಡೀಲರುಗಳ ಯೋಗಕ್ಷೇಮ ನೋಡಿಕೊಳ್ಳಲು ಆಫೀಸಿನಿಂದ ಒಬ್ಬರು ಹೋಗಬೇಕು. ಇಡೀ ಕಾರ್ಖಾನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಸೇಲ್ಸ್ ವಿಭಾಗದ ಶಶಿಕುಮಾರ್. ದುಬೈಗೆ ಹೋಗಿಯೇಬಿಡುತ್ತೇನೆ ಎಂದು ನಾಲ್ಕು ವರ್ಷದಿಂದ ಕ್ಯಾಂಟೀನಿನಲ್ಲಿ ಹೇಳುತ್ತ ಕೂತವನು. ಇನ್ನೊಬ್ಬಳು ಶೈಲಜಾ. ಅವಳಿಗೆ ಮಸ್ಕತ್ತಿನ ವರನೊಬ್ಬ ಗೊತ್ತಾಗುವುದರಲ್ಲಿದ್ದ. ವರ ತಪ್ಪಿಹೋದ, ಪಾಸ್‌ಪೋರ್ಟ್ ಉಳಿಯಿತು. ಆ ಸಂಬಂಧದಿಂದ ಆದ ಲಾಭ ಅದೊಂದೇ, ಮತ್ತು ಅದೇನೂ ಕಡಿಮೆ ಲಾಭವಲ್ಲ ಎಂದು ವರನ ಫೋಟೋ ನೋಡಿದ್ದ ಶೈಲಜಾಳ ಅಭಿಪ್ರಾಯ.

ಹೋಗಬೇಕು ಎಂದು ಅವಳಿಗೆ ಎಷ್ಟು ಆಸೆ ಇತ್ತೆಂದರೆ ಅದನ್ನು ಬಾಯಿ ಬಿಟ್ಟು ಹೇಳಲೂ ಹೆದರಿಕೆ. ಸಿಂಗಪುರ ನೋಡುವ ಹಂಬಲವೇನಲ್ಲ. ಟ್ರಾವೆಲ್ ಏಜೆಂಟು ಕೊಟ್ಟುಹೋದ ಬಣ್ಣದ ಕಾಗದದಲ್ಲಿ ಹಡಗಿನೊಳಗಿನ ಒಂದು ಪುಟ್ಟ ಕೋಣೆಯ ಚಿತ್ರವಿತ್ತು: ಒಂದೇ ಮಂಚ, ಒಂದು ದುಂಡು ಕಿಟಕಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು. ಇಪ್ಪತ್ನಾಲ್ಕು ವರ್ಷ ಬದುಕಿದ ಶೈಲಜಾ ತನ್ನದೇ ಒಂದು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದು ಬಚ್ಚಲಿನಲ್ಲಿ ಮಾತ್ರ. ಅಲ್ಲೂ, ಅವಳೂ ಅವಳ ಅಣ್ಣನೂ ಬಾಡಿಗೆಗಿದ್ದ ಮನೆಯ ಓನರ್ ಪಿಳ್ಳಮ್ಮ ಬಂದು ಬಡಿಯುತ್ತಿದ್ದಳು. ಈಗ ಬಡಿದ ಹಾಗೆ.

"ಏನವ್ವಾ, ಅಡಗ್ನಾಗೆ ಓಯ್ತೀಯಂತೆ? ನಿಮ್ಮಣ್ಣ ಏಳ್ದ."

ಶೈಲಜಾ ನೊರೆ ಉಗಿದು ಹೊರಗೆ ಬಂದಳು. ಪಿಳ್ಳಮ್ಮ ತನ್ನ ಹೊಲವನ್ನೆಲ್ಲ ಶೆಡ್ಡು ಕಟ್ಟುವವರಿಗೆ ಮಾರಿ, ಆಮೇಲೆ ಲೋಕಕ್ಕೆ ಬುದ್ಧಿ ಹೇಳುವುದನ್ನೇ ಬೇಸಾಯ ಮಾಡಿಕೊಂಡಿದ್ದವಳು. ಅವಳು ಕಂಡ ಅತಿ ದೊಡ್ಡ ನೀರು ಲಗ್ಗೆರೆಯ ಕೆರೆ. ಅದೂ ಈಗ ಅರ್ಧ ಸೈಟಾಗಿತ್ತು.

"ಒಂದ್ ಮಾತು ಏಳ್ತೀನಿ ಕೇಳು. ಒಟ್ಟೆ ತುಂಬ ಮುದ್ದೆ ತಿಂದ್ಕಂಡು ಅತ್ತು. ಒಟ್ಟೆ ಭಾರ ಇದ್ರೆ ಮೈ ಅಲ್ಲಾಡಕಿಲ್ಲ. ಖಾಲಿ ಬಿಂದಿಗೆ ನೀರ್ ಮ್ಯಾಗೆ ತೂರಾಡ್ತದೆ, ತುಂಬಿದ ಬಿಂದಿಗೆ ಕೂತ್ಕತದೆ."

ತುಂಬಿದ ಬಿಂದಿಗೆ ಕೂತುಕೊಳ್ಳುವುದು ನೀರಿನ ತಳದಲ್ಲಿ ಎಂದು ಹೇಳಬೇಕೆನ್ನಿಸಿತು. ಶೈಲಜಾ ಹೇಳಿದ್ದು: "ಹೂಂ ಆಂಟಿ."

ಅವಳ ಬದುಕಿನ ಒಟ್ಟು ಸಂಭಾಷಣೆಯಲ್ಲಿ ಮುಕ್ಕಾಲು ಪಾಲು ಈ "ಹೂಂ". ಉಳಿದದ್ದೆಲ್ಲ ಮನಸ್ಸಿನಲ್ಲೇ ನಡೆಯುತ್ತಿತ್ತು, ಮತ್ತು ಅಲ್ಲಿ ಅವಳು ಯಾರಿಗೂ ಮರ್ಯಾದೆ ಕೊಡುತ್ತಿರಲಿಲ್ಲ.

ಆಫೀಸಿಗೆ ಕಾಲಿಡುತ್ತಿದ್ದಂತೆ ಕ್ವಾಲಿಟಿ ಮ್ಯಾನೇಜರ್ ವಿಶ್ವನಾಥ್ ಕರೆದರು. ಹಿಂದಿನ ವರ್ಷ ಕಾರ್ಖಾನೆಗೆ ಐಎಸ್ಓ ಸರ್ಟಿಫಿಕೇಟು ಬಂದಾಗಿನಿಂದ ಅವರಿಗೆ ಜಗತ್ತೆಂದರೆ ಇನ್ನೂ ಸರಿಯಾಗಿ ದಾಖಲಾಗದ ಒಂದು ಅವ್ಯವಸ್ಥೆ. ನೀರು ಕುಡಿಯುವ ವಿಧಾನವನ್ನು ಬರೆಸಿ ಫಿಲ್ಟರಿನ ಮೇಲೆ ಅಂಟಿಸಿದ್ದರು. ಕೈ ತೊಳೆಯುವ ವಿಧಾನ ನಲ್ಲಿಯ ಮೇಲಿತ್ತು. ಇನ್ನೊಂದು ವಿಧಾನ ಶೌಚಾಲಯದ ಬಾಗಿಲ ಮೇಲಿತ್ತು; ಅದನ್ನು ಓದಿ ಮುಗಿಸುವಷ್ಟರಲ್ಲಿ ಬಂದ ಕೆಲಸ ಮರೆತುಹೋಗುತ್ತಿತ್ತು. ಇವನ್ನೆಲ್ಲ ದುಂಡಗೆ ಬರೆದವಳು ಡಾಕ್ಯುಮೆಂಟೇಶನ್ ವಿಭಾಗದ ಏಕೈಕ ಪದವೀಧರೆ ಶೈಲಜಾ.

"ನೋಡಿ ಶೈಲಜಾ, ನಮ್ ಡೀಲರ್ಸ್ ಯಾರೂ ಹಡಗು ಹತ್ತಿದೋರಲ್ಲ. ಪ್ರೊಸೀಜರ್ ಇಲ್ದೆ ಹತ್ತಿಸೋ ಹಾಗಿಲ್ಲ. 'ಮೊದಲ ಬಾರಿಗೆ ಹಡಗು ಹತ್ತುವವರಿಗೆ ಸೂಚನೆಗಳು' ಅಂತ ಒಂದು ರೆಡಿ ಮಾಡಿ. ಎಲ್ಲಾ ಡಿಪಾರ್ಟ್‌ಮೆಂಟಿಂದ ಇನ್‌ಪುಟ್ ತಗೊಳ್ಳಿ. ಚೆನ್ನಾಗಿ ಬಂದ್ರೆ ನೀವೇ ಹೋಗಿ. ಇಲ್ಲಾಂದ್ರೆ ಶಶಿಕುಮಾರ್ ಇದ್ದೇ ಇದಾನೆ."

"ಸಾರ್, ಹಡಗು ಹತ್ತಿದೋರನ್ನ ಯಾರನ್ನಾದ್ರೂ ಕೇಳಿದ್ರೆ..."

"ಹೊರಗಿನೋರನ್ನ ಕೇಳೋಕೆ ಪ್ರೊಸೀಜರಲ್ಲಿ ಜಾಗ ಇಲ್ಲ."

"ಹೂಂ ಸಾರ್."

ಸ್ಟೋರ್ಸಿನ ಮುಖ್ಯಸ್ಥ ಚನಬಸಪ್ಪನವರು ಗದಗದ ಕಡೆಯವರು, ಕಾರ್ಖಾನೆಯಲ್ಲಿ ಸಮುದ್ರವನ್ನು ಪ್ರತ್ಯಕ್ಷ ನೋಡಿದ ಏಕೈಕ ವ್ಯಕ್ತಿ. ಗೋಕರ್ಣದ ತೀರದಲ್ಲಿ ಒಂದು ಸಲ ನಿಂತಿದ್ದರು. ಚಪ್ಪಲಿ ಯಾರಾದರೂ ಒಯ್ದಾರು ಎಂಬ ಅನುಮಾನದಿಂದ ಹೆಚ್ಚು ಹೊತ್ತು ಸಮುದ್ರಕ್ಕೆ ಬೆನ್ನು ಹಾಕಿಯೇ ನಿಂತಿದ್ದರಂತೆ.

"ಬರ್ಕೋ ತಂಗಿ. ಸಮುದ್ರ ನೋಡಂಗಿಲ್ಲ. ನೋಡಿದ್ರ ತಲಿ ತಿರಗತೈತಿ. ಹಡಗ ಹತ್ತಿದ ಕೂಡ್ಲೆ ಒಂದ್ ಪುಸ್ತಕ ತಗದು ತಲಿ ಬಗ್ಗಿಸಿ ಓದ್ಕೋತ ಕುಂಡ್ರಬೇಕು. ಇಳಿಯೂತನಕ ತಲಿ ಎತ್ತಬಾರ್ದು. ಅಷ್ಟ."

ಬಸ್ಸಿನಲ್ಲಿ ಒಂದು ಸಲ ವಾರಪತ್ರಿಕೆ ಓದಲು ಹೋಗಿ ಮುಂದಿನ ಸೀಟಿನ ಹೆಂಗಸಿನ ಜಡೆಯನ್ನೂ ಮಲ್ಲಿಗೆಯನ್ನೂ ಹಾಳು ಮಾಡಿದ್ದ ಶೈಲಜಾ ಬರೆದುಕೊಂಡಳು. ಚನಬಸಪ್ಪ ಕೆಳಗೆ ಸಹಿ ಹಾಕಿದರು. ಸಹಿ ಸೂಚನೆಗಿಂತ ಉದ್ದವಾಗಿತ್ತು.

ಶಶಿಕುಮಾರ್ ಸೂಚನೆಗಳನ್ನು ಕೊಡುವಾಗ ಕುರ್ಚಿಯಲ್ಲಿ ಹಡಗಿನ ಯಜಮಾನನ ಹಾಗೆ ಹಿಂದಕ್ಕೊರಗಿದ. ಅವನ ಭಾವನ ಸ್ನೇಹಿತನೊಬ್ಬ ಮುಂಬೈ ಬಂದರಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದನಂತೆ. ನೌಕಾಯಾನದ ಅನುಭವ ಅಲ್ಲಿಂದ ಹರಿದು ಬಂದಿತ್ತು.

"ಮೇಡಂ, ಫಸ್ಟ್ ಪಾಯಿಂಟ್. ಹಡಗಲ್ಲಿ ಊಟ ಎಲ್ಲಾ ಫ್ರೀ. ಬೆಳಿಗ್ಗೆಯಿಂದ ರಾತ್ರಿವರ್ಗೂ ಇಟ್ಟಿರ್ತಾರೆ. ಬಿಡಬಾರ್ದು. ಸೆಕೆಂಡು, ಯಾವಾಗ್ಲೂ ಹಿಂದ್ಗಡೆ ಕೂತ್ಕೋಬೇಕು, ಸಕ್ಕತ್ ಗಾಳಿ ಬರುತ್ತೆ. ಥರ್ಡು, ಟೈ. ಕ್ಯಾಪ್ಟನ್ ಟೈ ಇಲ್ದೋರನ್ನ ಮಾತಾಡ್ಸಲ್ಲ. ಕುತ್ತಿಗೆಗೆ ಟೈಟಾಗಿ ಕಟ್ಬೇಕು."

"ಹೂಂ."

"ನೀವ್ ಹೋಗಲ್ಲಾಂದ್ರೆ ಈಗ್ಲೇ ಹೇಳ್ಬಿಡಿ ಮೇಡಂ. ನನಗೇನೂ ಬೇಜಾರಿಲ್ಲ."

ಈ ಒಂದಕ್ಕೆ ಅವಳು ಹೂಂ ಎನ್ನಲಿಲ್ಲ.

ತನ್ನ ಮೇಜಿಗೆ ಬಂದು ಕೂತಾಗ ಶೈಲಜಾಳಿಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಹೊಟ್ಟೆ ತುಂಬ ತಿನ್ನುವುದು, ಹಿಂದಿನ ಸೀಟು, ಬಗ್ಗಿ ಓದುವುದು, ಬಿಗಿ ಕತ್ತುಪಟ್ಟಿ. ಮನುಷ್ಯನಿಗೆ ವಾಂತಿ ಬರಿಸಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ಯಾವ ವೈದ್ಯನೂ ಬರೆಯಲಾರ. ಸರಿಯಾದ್ದು ಅವಳಿಗೆ ಗೊತ್ತಿತ್ತು. ವಾಂತಿಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೊತ್ತಿಲ್ಲದೆ ಇರುತ್ತದೆಯೆ? ಎರಡು ಒಣ ರಸ್ಕು, ಮುಂದಿನ ಸೀಟು, ದೂರದಲ್ಲಿ ನಿಂತ ಏನಾದರೊಂದರ ಮೇಲೆ ಕಣ್ಣು, ಮುಷ್ಟಿಯಲ್ಲಿ ನಿಂಬೆಸಿಪ್ಪೆ, ಯಾರೊಡನೆಯೂ ಮಾತಿಲ್ಲ; ಸಿಟಿ ಬಸ್ಸಿನಲ್ಲಿ ಇವೆಲ್ಲ ಒಟ್ಟಿಗೆ ಸಿಕ್ಕಿದ್ದಿಲ್ಲ, ಅಷ್ಟೆ. ಆದರೆ ಬರೆದರೆ "ನಿಮಗೆ ಹೇಗೆ ಗೊತ್ತು?" ಎನ್ನುತ್ತಾರೆ. ಗೊತ್ತಾದರೆ ಹಡಗೂ ಇಲ್ಲ, ಚಿಲಕದ ಬಾಗಿಲೂ ಇಲ್ಲ. ಡೀಲರುಗಳು ಹಾಳಾಗಿ ಹೋಗಲಿ. ತನ್ನ ವಿದ್ಯೆಯನ್ನು ತಾನು ಹಡಗಿನಲ್ಲಿ ಗುಟ್ಟಾಗಿ ಬಳಸಿಕೊಂಡರಾಯಿತು. ಅವಳು ಎಲ್ಲರ ಅವಿವೇಕವನ್ನೂ, ಪಿಳ್ಳಮ್ಮನ ಮುದ್ದೆಯನ್ನೂ ಸೇರಿಸಿ, ಚೆಂದದ ಅಕ್ಷರಗಳಲ್ಲಿ ಬರೆದು ಒಪ್ಪಿಸಿದಳು.

ವಿಶ್ವನಾಥ್ ಓದಿ ಕಣ್ಣರಳಿಸಿದರು. "ಎಕ್ಸಲೆಂಟ್! ಆದ್ರೆ ಟೆಸ್ಟ್ ಮಾಡ್ದೆ ರಿಲೀಸ್ ಮಾಡೋ ಹಾಗಿಲ್ಲ."

"ಪೀಣ್ಯದಲ್ಲಿ ಸಮುದ್ರ ಎಲ್ಲೈತ್ರೀ ಸಾಹೇಬ್ರ?" ಎಂದರು ಚನಬಸಪ್ಪ.

"ಸಮುದ್ರ ಯಾಕೆ? ಅಲೆ ಸಾಕು. ಚಿಕ್ಕಬಾಣಾವರದ ರಸ್ತೆ ಇಲ್ವಾ?"

ಆ ರಸ್ತೆಯನ್ನು ಪೈಪು ಹಾಕಲೆಂದು ಒಬ್ಬರು ಅಗೆದಿದ್ದರು. ಮುಚ್ಚುವ ಮೊದಲೇ ಕೇಬಲ್ ಹಾಕಲು ಇನ್ನೊಬ್ಬರು ಅಗೆದಿದ್ದರು. ಅಲ್ಲಿ ಓಡಾಡುವ ಎತ್ತಿನಗಾಡಿಗಳ ಎತ್ತುಗಳೂ ಯೋಚಿಸಿ ಹೆಜ್ಜೆಯಿಡುತ್ತಿದ್ದವು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸೂಚನೆಯ ಪ್ರಕಾರ ಎಲ್ಲರಿಗೂ ಮುದ್ದೆ, ಬಸ್ಸಾರು, ಮೇಲೆ ಜಹಾಂಗೀರು ಬಡಿಸಲಾಯಿತು. ಶಶಿಕುಮಾರ್ ಮೂರನೆಯ ಜಹಾಂಗೀರು ಕೈಗೆತ್ತಿಕೊಂಡು, "ಮೇಡಂ, ತಿನ್ನಿ, ಹಡಗಲ್ಲಿ ನಾಚ್ಕೊಂಡ್ರೆ ಆಗಲ್ಲ" ಎಂದ. ಶೈಲಜಾ ಚೀಲದಿಂದ ರಸ್ಕು ತೆಗೆದು, ಇವತ್ತು ಒಪ್ಪೊತ್ತು ಎಂದಳು. ವ್ರತವೆಂದರೆ ಈ ನಾಡಿನಲ್ಲಿ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಕಂಪನಿಯ ಬಸ್ಸು ಬಂದು ನಿಂತಿತು. ಡ್ರೈವರ್ ರಾಮಾಂಜಿನಪ್ಪನಿಗೆ ವಿಶ್ವನಾಥ್ ಅಪ್ಪಣೆ ಕೊಟ್ಟರು: "ಗುಂಡಿ ತಪ್ಪಿಸ್ಬಾರ್ದು."

"ಏನ್ ಸಾಮಿ ಇಂಗಂತೀರ? ಇಷ್ಟ್ ದಿನ ತಪ್ಪಿಸ್ದೆ ಓಡಿಸ್ತೀಯ ಅಂತ ಬೈತಿದ್ರಿ!"

ವಿಶ್ವನಾಥ್, ಚನಬಸಪ್ಪ, ಶಶಿಕುಮಾರ್ ಸೂಚನೆಯಂತೆ ಟೈ ಬಿಗಿದುಕೊಂಡು ಹಿಂದಿನ ಸಾಲಿನಲ್ಲಿ ಕೂತರು. ಚನಬಸಪ್ಪನವರ ಟೈ ಅವರ ಹೊಟ್ಟೆಯ ಮೇಲೆ ದಾರಿ ತಪ್ಪಿದ ಹಲ್ಲಿಯ ಹಾಗೆ ಮಲಗಿತ್ತು. ಮೂವರೂ ಸೂಚನಾಪತ್ರದ ಪ್ರತಿ ಹಿಡಿದು ತಲೆ ಬಗ್ಗಿಸಿದರು. ಬರೆದವಳು ದೂರ ಕೂತು ಗಮನಿಸಬೇಕೆಂದು ವಿಶ್ವನಾಥ್ ಹೇಳಿದ್ದರಿಂದ ಶೈಲಜಾ ಡ್ರೈವರಿನ ಪಕ್ಕದ ಸೀಟು ಹಿಡಿದಳು. ಮುಷ್ಟಿಯಲ್ಲಿ ನಿಂಬೆಸಿಪ್ಪೆ. ದೂರದಲ್ಲೊಂದು ನೀರಿನ ಟ್ಯಾಂಕು ಎತ್ತರಕ್ಕೆ ನಿಂತಿತ್ತು. ಅದರ ಮೇಲೆ ಕಣ್ಣು ನೆಟ್ಟಳು.

ಬಸ್ಸು ಮೊದಲ ಗುಂಡಿಗೆ ಇಳಿದು, ಎದ್ದು, ಎರಡನೆಯದಕ್ಕೆ ವಾಲಿತು.

"ಎಷ್ಟ್ ಚಲೋ ಐತಿ," ಎಂದು ಹಿಂದಿನಿಂದ ಚನಬಸಪ್ಪನವರ ದನಿ ಬಂತು. ಆಮೇಲೆ ಆ ದನಿ ಬರಲಿಲ್ಲ, ಬೇರೇನೋ ಬಂತು.

"ಅಬ್ಸರ್ವೇಶನ್... ನೋಟ್ ಮಾಡ್ಕೊಳಿ," ಎಂದರು ವಿಶ್ವನಾಥ್. "ಸ್ಟೋರ್ಸ್... ಫೇಲ್..." ವಾಕ್ಯ ಪೂರ್ತಿಯಾಗುವ ಮುನ್ನ ಕ್ವಾಲಿಟಿ ವಿಭಾಗವೂ ಫೇಲಾಯಿತು. ಕೈಲಿದ್ದ ಸೂಚನಾಪತ್ರವೇ ಮೊದಲ ಬಾರಿಗೆ ಒಂದು ಉಪಯೋಗಕ್ಕೆ ಬಂತು.

ಶಶಿಕುಮಾರ್ ಕಿಟಕಿಯ ಹೊರಗೆ ಸೊಂಟದವರೆಗೆ ಬಾಗಿದ್ದ. ಟೈ ಗಾಳಿಗೆ ಹಾರಿ ಅವನ ಮುಖಕ್ಕೇ ಬಡಿಯುತ್ತಿತ್ತು. ಒಂದು ಗುಂಡಿಗೆ ಮುದ್ದೆ, ಒಂದು ಗುಂಡಿಗೆ ಜಹಾಂಗೀರು ಎಂದು ಅವನು ರಸ್ತೆಯುದ್ದಕ್ಕೂ ನಗರಸಭೆಯವರು ಮಾಡದ ಕೆಲಸ ಮಾಡುತ್ತ ಹೋದ. "ನಿಲ್ಸೋ ಗುರು... ನಿಲ್ಸಪ್ಪಾ... ಅಮ್ಮಾ..."

"ಟೆಸ್ಟ್ ಮುಗಿಯೋಗಂಟ ನಿಲ್ಲಿಸ್ಬ್ಯಾಡ ಅಂದವ್ರೆ ಸಾಹೇಬ್ರು," ಎಂದು ರಾಮಾಂಜಿನಪ್ಪ ಸಂತೋಷವಾಗಿ ಇನ್ನೊಂದು ಗುಂಡಿ ಹುಡುಕಿದ.

ಶೈಲಜಾಳಿಗೂ ಬಂತು. ಗಂಟಲವರೆಗೆ ಬಂತು. ಅವಳು ನಿಂಬೆಸಿಪ್ಪೆಯನ್ನು ಹಿಸುಕಿದಳು, ನೀರಿನ ಟ್ಯಾಂಕನ್ನು ದೇವರ ಹಾಗೆ ನೋಡಿದಳು, ದುಂಡು ಕಿಟಕಿಯನ್ನೂ ಚಿಲಕವನ್ನೂ ನೆನೆದಳು. ಬಂದದ್ದು ಇಳಿದು ಹೋಯಿತು. ಚಿಕ್ಕಬಾಣಾವರದ ರೈಲ್ವೆ ಗೇಟು ಮುಚ್ಚಿತ್ತು, ಬಸ್ಸು ನಿಂತಿತು. ಹುಟ್ಟಿದ ಮೇಲೆ ಮೊದಲ ಸಲ ಶೈಲಜಾ ಒಂದು ವಾಹನದಿಂದ ನೆಟ್ಟಗೆ, ಒಣಗಿದ ಬಾಯಿಯಲ್ಲಿ ಇಳಿದಳು.

ಉಳಿದವರನ್ನು ರಾಮಾಂಜಿನಪ್ಪ ಒಬ್ಬೊಬ್ಬರನ್ನಾಗಿ ಇಳಿಸಿ ರಸ್ತೆ ಪಕ್ಕದ ಕಲ್ಲುಗಳ ಮೇಲೆ ಸಾಲಾಗಿ ಕೂರಿಸಿದ, ನೆನೆದ ಬಟ್ಟೆ ಒಣಹಾಕಿದ ಹಾಗೆ. "ಈಯಮ್ಮಂದು ಕಬ್ಬಿಣದ ಒಟ್ಟೆ ಸಾಮಿ! ಕೂತಿದ್ದೋಳು ಕೂತಂಗೇ ಅವಳೆ, ಒಂದ್ ಸಲ ಕೆಮ್ಮಿಲ್ಲ!"

ಮೂವರೂ ಶೈಲಜಾಳನ್ನು ನೋಡಿದರು. ಅವಳು ನಿಂಬೆಸಿಪ್ಪೆಯ ಮುಷ್ಟಿಯನ್ನು ಬೆನ್ನ ಹಿಂದೆ ಮರೆಮಾಡಿದಳು. ಇನ್ನೇನು ಹೇಳುತ್ತಾರೆ. ಹಡಗು ನನ್ನದೇ.

ವಿಶ್ವನಾಥ್ ಬಾಯಿ ಒರೆಸಿಕೊಂಡರು. ಹೊಟ್ಟೆಯಲ್ಲಿ ಏನೂ ಉಳಿದಿರದಿದ್ದರೂ ತಲೆಯಲ್ಲಿ ಐಎಸ್ಓ ಉಳಿದಿತ್ತು. "ಪ್ರೊಸೀಜರ್ ತಿದ್ದಬೇಕು. ಶೈಲಜಾ, ನಾಳೆ ಹೊಸಾದು ಬರೀರಿ. ತಿದ್ದಿದ್ದನ್ನ ಈ ಸಲ ಹಡಗಲ್ಲೇ ಟೆಸ್ಟ್ ಮಾಡ್ಬೇಕು."

"ಹೂಂ ಸಾರ್!" ಎಂದಳು ಶೈಲಜಾ. ಅಷ್ಟು ಉತ್ಸಾಹದ ಹೂಂ ಅವಳ ಬಾಯಿಂದ ಹಿಂದೆಂದೂ ಬಂದಿರಲಿಲ್ಲ.

"ಅದಕ್ಕೆ ಶಶಿಕುಮಾರ್ ಹೋಗ್ಲಿ."

ಕಲ್ಲಿನ ಮೇಲೆ ಅರೆಜೀವವಾಗಿದ್ದ ಶಶಿಕುಮಾರ್ ಒಂದು ಕಣ್ಣು ತೆರೆದ.

"ನೋಡಿ, ಸೋರದೇ ಇರೋ ಪಂಪನ್ನ ಟೆಸ್ಟ್ ಬೆಡ್ ಮೇಲೆ ಇಟ್ರೆ ಏನ್ ಗೊತ್ತಾಗುತ್ತೆ? ಸೋರೋದನ್ನ ಇಡಬೇಕು," ಎಂದರು ವಿಶ್ವನಾಥ್. "ಇವತ್ತು ಇವನಷ್ಟು ಸೋರಿದೋರು ಯಾರೂ ಇಲ್ಲ. ಇವನು ತಡ್ಕೊಂಡ್ರೆ ಪ್ರೊಸೀಜರ್ ಪಾಸು. ನಿಮಗೆ ವಾಂತೀನೇ ಬರಲ್ವಲ್ಲ, ನೀವು ಹೋಗಿ ಏನ್ ಪ್ರೂವ್ ಆಗುತ್ತೆ?"

"ಖರೇ ಮಾತ್ರೀ," ಎಂದರು ಚನಬಸಪ್ಪ, ಟೈನಿಂದ ಮೀಸೆ ಒರೆಸಿಕೊಳ್ಳುತ್ತ. "ಈ ಹುಡಿಗಿ ಹೋದ್ರ ಮೂರ್ ದಿನ ಆರಾಮ ಕುಂತ ಬರ್ತೈತಿ. ಕಂಪನಿಗೆ ಏನ್ ಉಪಯೋಗ?"

ಶಶಿಕುಮಾರ್ ಕಷ್ಟಪಟ್ಟು ಎರಡನೆಯ ಕಣ್ಣನ್ನೂ ತೆರೆದು, "ಥ್ಯಾಂಕ್ಯೂ ಸಾರ್, ಬೆಸ್ಟ್ ಮಾಡ್ತೀನಿ ಸಾರ್," ಎಂದು ಹೇಳಿ, ಅದನ್ನು ಪಕ್ಕದ ಪೊದೆಯಲ್ಲಿ ಕೂಡಲೇ ಮಾಡಿ ತೋರಿಸಿದ.

"ಸರೀನಾ ಶೈಲಜಾ? ನಿಮ್ಮದೇನೂ ಅಭ್ಯಂತರ ಇಲ್ಲ ತಾನೆ?" ವಿಶ್ವನಾಥ್ ಆಗಲೇ ಏಳತೊಡಗಿದ್ದರು. ಅವಳ ಉತ್ತರ ಏನೆಂದು ಆಫೀಸಿಗೆಲ್ಲ ಗೊತ್ತಿದ್ದದ್ದೇ.

ಅವಳ ಗಂಟಲಿಗೆ "ಹೂಂ ಸಾರ್" ಬಂತು. ಬಸ್ಸಿನಲ್ಲಿ ಬಂದದ್ದನ್ನು ನುಂಗಿದ ಹಾಗೆಯೇ ಅವಳು ಅದನ್ನೂ ನುಂಗಿದಳು. ಆಮೇಲೆ ಆಫೀಸಿನ ನಯದ ಕನ್ನಡವೆಲ್ಲ ಬಿಟ್ಟುಹೋಗಿ, ಗೇಟಿನ ಆಚೆ ಈಚೆ ಕಾಯುತ್ತ ನಿಂತ ಸೈಕಲ್ಲಿನವರು, ಸ್ಕೂಟರಿನವರು, ಹಾಲಿನ ವ್ಯಾನಿನವರು ಎಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಹಾವೇರಿಯ ದನಿಯಲ್ಲಿ ಕೂಗಿದಳು:

"ಸಾರ್, ನಂಗೂ ವಾಂತಿ ಬರ್ತೈತ್ರೀ! ಖರೇನೂ ಬರ್ತೈತಿ! ಹುಟ್ಟಿದಾಗಿಂದ ಬರ್ತೈತ್ರೀ ಸಾರ್!"