ಇಪ್ಪತ್ತೇಳು ನೋಣಯ್ಯರಲ್ಲಿ ನಿಜವಾದ ಒಬ್ಬರಿಗೆ ಹಾಸಿಗೆ ಕೋರಿ

ಮೂಡುಬಿದಿರೆ
ದಿನಾಂಕ: 6-2-1984

ಇಂದ:
ಡಾ. ಪದ್ಮಲತಾ, ಎಂ.ಬಿ.ಬಿ.ಎಸ್.,
ಕ್ಯಾನ್ಸರ್ ತಜ್ಞೆಯಾಗಲು ಹೊರಟು ಮುಕ್ಕಾಲು ದಾರಿಯಲ್ಲಿ ನಿಂತಿರುವ ತರಬೇತಿ ವೈದ್ಯೆ,
ಜೈನಪೇಟೆ, ಮೂಡುಬಿದಿರೆ.

ಗೆ:
ಮಾನ್ಯ ನಿರ್ದೇಶಕರು,
ಶಾಂತಿಧಾಮ ಅರ್ಬುದ ಚಿಕಿತ್ಸೆ ಹಾಗೂ ತರಬೇತಿ ಕೇಂದ್ರ,
ಬೆಂಗಳೂರು.

ವಿಷಯ: ತಮ್ಮ ಕೌಂಟರಿನಿಂದ ವಾಪಸು ಕಳುಹಿಸಲ್ಪಟ್ಟ ಶ್ರೀ ನೋಣಯ್ಯ ಎಂಬವರನ್ನು ಜೀವಂತರೆಂದು ಪರಿಗಣಿಸಿ ದಾಖಲಿಸಿಕೊಳ್ಳುವ ಬಗ್ಗೆ.

ಉಲ್ಲೇಖ: 1) "ನೋಣಯ್ಯ ಎಂಬ ಒಬ್ಬನೇ ರೋಗಿ ಐದು ಬಾರಿ ಮೃತಪಟ್ಟು ಮರುವಾರ ಹಾಜರಾಗಿರುವುದಕ್ಕೆ ಸಮಜಾಯಿಷಿ ನೀಡಿರಿ" ಎಂಬ ತಮ್ಮ ಪತ್ರ, ದಿನಾಂಕ 9-1-1984.
2) ಸದರಿ ಪತ್ರಕ್ಕೆ ಏನು ಬರೆಯುವುದೆಂದು ತಿಳಿಯದೆ ಅರ್ಜಿದಾರಳು ಕುಳಿತ ದಿನಗಳು, ಒಟ್ಟು ಇಪ್ಪತ್ತು.

ಮಾನ್ಯರೇ,

ಅರ್ಜಿದಾರಳು ತಮ್ಮ ಕೇಂದ್ರದ ವಿದ್ಯಾರ್ಥಿನಿ. ತರಬೇತಿಯ ಕೊನೆಯ ವರ್ಷ ಸ್ವಂತ ಸೀಮೆಯಲ್ಲಿ ಕೆಲಸ ಮಾಡಿ, ಬಾಯಿಯ ಕ್ಯಾನ್ಸರಿನ ರೋಗಿಗಳನ್ನು ಹುಡುಕಿ, ಅವರ ಹೆಸರುಗಳನ್ನು ಪ್ರಕರಣ ಪುಸ್ತಕದಲ್ಲಿ ಬರೆದು ಕಳುಹಿಸಿದರೆ ಮಾತ್ರ ಸರ್ಟಿಫಿಕೇಟು ಎಂಬ ನಿಯಮ ಅವಳಿಗೆ ಗೊತ್ತು. ಆ ಪುಸ್ತಕ ಸುಳ್ಳು ಎಂಬ ತಮ್ಮ ಅನುಮಾನ ಸರಿಯಾಗಿದೆ. ಆದರೆ ಕೊನೆಯ ನೋಣಯ್ಯ ಸುಳ್ಳಲ್ಲ. ಅವರ ಕೆನ್ನೆಯೊಳಗಿನ ಹುಣ್ಣು ವಾರದಿಂದ ವಾರಕ್ಕೆ ಬೆಳೆಯುತ್ತಿರುವ ಕಾರಣ ಕೆಳಗಿನ ಸಂಗತಿಗಳನ್ನು ಅವಸರದಿಂದ ನಿವೇದಿಸಲಾಗಿದೆ.

1. ಕ್ಯಾನ್ಸರ್ ತಜ್ಞೆಗೆ ಬೇಕಾದ ಸಲಕರಣೆಗಳ ಪಟ್ಟಿ ವಿಲಾಯತಿ ಪುಸ್ತಕದಲ್ಲಿ ನಾಲ್ಕು ಪುಟ ಇದೆ. ಅರ್ಜಿದಾರಳಿಗೆ ಮಂಜೂರಾದದ್ದು ಒಂದು ಟಾರ್ಚು, ಎರಡು ಸೆಲ್ಲು, ಒಂದು ಪ್ರಕರಣ ಪುಸ್ತಕ ಹಾಗೂ ಅಟೆಂಡರ್ ನೋಣಯ್ಯ. ವಯಸ್ಸು ಐವತ್ತೆರಡು, ಅವಿವಾಹಿತರು, ಬಿ.ಸಿ.ರೋಡಿನಲ್ಲಿ ಬಾಡಿಗೆ ಕೋಣೆ. ಸೆಲ್ಲು ಮೂರನೇ ತಿಂಗಳಿಗೆ ಮುಗಿಯಿತು, ಆಮೇಲಿನವು ಅರ್ಜಿದಾರಳ ಸ್ವಂತ ಖರ್ಚು. ಹುಣ್ಣಿನ ತುಂಡನ್ನು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿ ಬಸ್ಸಿನಲ್ಲಿ ಪರೀಕ್ಷೆಗೆ ಒಯ್ಯುವುದು, ಅದು ಉಪ್ಪಿನಕಾಯಿ ಅಲ್ಲವೆಂದು ಕಂಡಕ್ಟರಿಗೆ ತಿಳಿಹೇಳುವುದು, ಇವೆಲ್ಲ ನೋಣಯ್ಯರ ಪಾಲಿನ ಕೆಲಸ.

2. ಈ ಸೀಮೆಯ ಜನ ಬಹಳ ಮರ್ಯಾದಸ್ಥರು. ಡಾಕ್ಟರರಿಗೆ ಬರಿಬಾಯಿ ತೋರಿಸುವುದು ಸರಿಯಲ್ಲವೆಂದು ಬಾಯಿ ಮುಕ್ಕಳಿಸಿ, ಹೊಸದಾಗಿ ಎಲೆಯಡಿಕೆ ಹಾಕಿಕೊಂಡೇ ಕ್ಯಾಂಪಿಗೆ ಬರುತ್ತಾರೆ. ಟಾರ್ಚು ಬಿಟ್ಟರೆ ಒಳಗೆಲ್ಲ ಕೆಂಪೋ ಕೆಂಪು. ಹುಣ್ಣು ಯಾವುದು, ವೀಳ್ಯ ಯಾವುದು ದೇವರೇ ಬಲ್ಲ. ನೋಣಯ್ಯ ಕೊಡಪಾನ ಹಿಡಿದು ಜಗಲಿಯ ಬಾಗಿಲಲ್ಲೇ ನಿಂತು, "ಮೊದಲು ಉಗುಳಿ ಬನ್ನಿ, ಮರ್ಯಾದೆ ಆಮೇಲೆ ಕೊಡುವ" ಎನ್ನುತ್ತಿದ್ದರು. ಅರ್ಜಿದಾರಳ ಅರ್ಧ ವಿದ್ಯೆ ಆ ಕೊಡಪಾನದಿಂದ ಬಂದದ್ದು.

3. ಪುಸ್ತಕದ ಮೊದಲನೆಯ ಹೆಸರು ನಿಜವಾದದ್ದು. ಕೊಕ್ಕಡದ ಕಡೆಯ ಒಬ್ಬ ತಾಯಿ. ಅವರ ಚಿಕಿತ್ಸೆಯ ಸರದಿ ಬಂದಾಗ ತಮ್ಮ ಕೇಂದ್ರದವರು ವಾಡಿಕೆಯಂತೆ ಕಾಯಿಲೆಯ ಹೆಸರು ಸಮೇತ ಅಂಚೆ ಕಾರ್ಡು ಬರೆದರು. ಓದುಬರಹ ಇಲ್ಲದವರಿಗೆ ಕಾರ್ಡು ಓದಿ ಹೇಳುವುದು ಅಲ್ಲಿಯ ಪೋಸ್ಟ್‌ಮ್ಯಾನನ ವಾಡಿಕೆ. ಅವನು ಅಂಗಡಿಯ ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದ. ವಾರದೊಳಗೆ ಅವರ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿಯಿತು. ಆ ತಾಯಿ ಬೆಂಗಳೂರಿಗೆ ಬರಲೇ ಇಲ್ಲ. ತೀರಿಕೊಂಡರು. ಅರ್ಜಿದಾರಳು ಅಂದು ಅತ್ತದ್ದು ಕಡತಕ್ಕೆ ಅನಗತ್ಯ, ಆದರೂ ನಮೂದಿಸಿದೆ.

4. ಊರ ಬಾಯಿಗೆ ಮುಚ್ಚಳ ಇಲ್ಲ. ಆಮೇಲೆ ಕ್ಯಾಂಪಿಗೆ ಬಂದವರೆಲ್ಲ ಬಾಯಿ ತೋರಿಸಿದರು, ಹೆಸರು ಕೇಳಿದರೆ ಎದ್ದು ಹೋದರು. ಹೆಸರಿಲ್ಲದೆ ತಾವು ಸರದಿ ಕೊಡುವುದಿಲ್ಲ. ಆಗ ನೋಣಯ್ಯ ಹೇಳಿದ್ದನ್ನು ಯಥಾವತ್ತಾಗಿ ಕೊಡಲಾಗಿದೆ: "ನನ್ನ ಹೆಸರು ಬರೀರಿ ಡಾಕ್ಟ್ರೇ. ನನಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಮುರಿದು ಹೋಗ್ಲಿಕ್ಕೆ ಸಂಬಂಧವಾದ್ರೂ ಎಲ್ಲುಂಟು?" ಅರ್ಜಿದಾರಳು ಬರೆದಳು. ಒಂದು ಸಲ ಬರೆದ ಕೈ ಇಪ್ಪತ್ತಾರು ಸಲ ಬರೆಯಿತು. ಅದರಲ್ಲಿ ಎಂಟು ನೋಣಯ್ಯರು ಸೀರೆ ಉಟ್ಟವರೆಂಬುದನ್ನು ತಮ್ಮವರು ಗಮನಿಸಿಯೂ ಕೇಳದಿದ್ದುದಕ್ಕೆ ಅವಳು ಋಣಿ.

5. ಹೀಗೆ ಕಾರ್ಡುಗಳೆಲ್ಲ ಬಿ.ಸಿ.ರೋಡಿಗೆ ಬರತೊಡಗಿದವು, ಸರದಿಯ ದಿನವನ್ನು ನೋಣಯ್ಯ ಗುಟ್ಟಾಗಿ ಆಯಾ ಮನೆಗೆ ತಿಳಿಸುತ್ತಿದ್ದರು. ಅಲ್ಲಿಯ ಪೋಸ್ಟ್‌ಮ್ಯಾನ್ ತುಕ್ರಪ್ಪ, "ಎಂತ ಮಾರಾಯ್ರೇ, ನಿಮಗೆ ಈ ಕಾಯಿಲೆ ತಿಂಗಳಿಗೆ ಎಷ್ಟು ಸಲ ಬರ್ತದೆ?" ಎಂದು ಕೇಳಿದರೆ ನೋಣಯ್ಯ, "ಬಿಡುವಿದ್ದಾಗೆಲ್ಲ" ಎನ್ನುತ್ತಿದ್ದರು. ಹೋಟೆಲಿನಲ್ಲಿ ಅವರ ಲೋಟ ಬೇರೆ ಇಟ್ಟರು. ಕ್ಷೌರದಂಗಡಿಯವರು ನಾಳೆ ಬನ್ನಿ ಎಂದರು, ಮರುದಿನವೂ ಹಾಗೇ ಅಂದರು. ಗಡ್ಡ ಬಿಟ್ಟ ನೋಣಯ್ಯ ಈಗ ನೋಡಲಿಕ್ಕೆ ಗಂಭೀರವಾಗಿದ್ದಾರೆ, ಹೆಣ್ಣು ನೋಡುವುದಾದರೆ ಇದೇ ಸಮಯ ಎಂದು ತಾವೇ ಹೇಳಿ ನಗುತ್ತಿದ್ದರು. ಅರ್ಜಿದಾರಳೂ ನಕ್ಕಳು. ನಗಬಾರದಿತ್ತು.

6. ಡಿಸೆಂಬರಿನ ಕ್ಯಾಂಪಿನಲ್ಲಿ ಮಧ್ಯಾಹ್ನ ಗಂಜಿ ಉಣ್ಣುವಾಗ ನೋಣಯ್ಯ ಮಿಡಿ ಉಪ್ಪಿನಕಾಯಿಯನ್ನು ಬಟ್ಟಲಿನ ಬದಿಗೆ ಸರಿಸಿದರು. ಯಾಕೆಂದು ಕೇಳಿದರೆ, "ಎರಡು ತಿಂಗಳಿಂದ ಉರೀತದೆ ಡಾಕ್ಟ್ರೇ, ಖಾರ ಜಾಸ್ತಿ ಆಯ್ತು ಕಾಣ್ತದೆ" ಎಂದರು. ಅರ್ಜಿದಾರಳು ಉಣ್ಣುವುದು ಬಿಟ್ಟು ಟಾರ್ಚು ತಂದಳು. ಒಂದು ವರ್ಷ ಇಪ್ಪತ್ತೇಳು ಬಾಯಿಗಳಿಗೆ ಅವಳ ಪಕ್ಕದಲ್ಲಿ ನಿಂತು ಬೆಳಕು ಹಿಡಿದವರು ಅವರು. ಅವರ ಬಾಯಿಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಹೇಳಿದ್ದು ಅರ್ಜಿದಾರಳಂಥವರನ್ನು ನೋಡಿಯೇ. ಬೇರೆಲ್ಲ ತಪ್ಪುಗಳಿಗೆ ಈ ಅರ್ಜಿಯಲ್ಲಿ ಸಮಜಾಯಿಷಿ ಇದೆ, ಇದಕ್ಕಿಲ್ಲ.

7. ಜನವರಿ ಹದಿನೇಳರಂದು ನೋಣಯ್ಯ ಸ್ವಂತ ಹೆಸರಿನಲ್ಲಿ, ಸ್ವಂತ ಹುಣ್ಣಿನೊಂದಿಗೆ ತಮ್ಮ ಕೌಂಟರಿಗೆ ಹಾಜರಾದರು. ಗುಮಾಸ್ತರು ತಮ್ಮ ರಿಜಿಸ್ಟರು ನೋಡಿ, "ನಿಮಗೆ ಪೂರ್ತಿ ಕಿರಣ ಚಿಕಿತ್ಸೆ ಕೊಟ್ಟಾಗಿದೆ. ಅದೂ ಅಲ್ಲದೆ ನೀವು ತೀರಿಕೊಂಡು ಆರು ತಿಂಗಳಾಯ್ತು" ಎಂದರಂತೆ. ನೋಣಯ್ಯ ಜಗಳ ಕಾಯುವವರಲ್ಲ. "ಹಾಗಾದ್ರೆ ನಾನು ಹೊರಡ್ತೇನೆ" ಎಂದು ಚಾಪೆ ಸುತ್ತಿಕೊಂಡು ಬಸ್ಸು ಹತ್ತಿ ಬಂದರು. ಅರ್ಜಿದಾರಳು ಗುಮಾಸ್ತರನ್ನು ಬೈದರೆ, "ಅವರದ್ದೂ ತಪ್ಪಿಲ್ಲ, ಲೆಕ್ಕ ಪ್ರಕಾರ ನಾನು ಇಲ್ಲವಲ್ಲ" ಎಂದರು. ನಿಜವಾದ ಹೆಸರುಗಳನ್ನು ಕೊಟ್ಟರೆ ಇವರು ಉಳಿದಾರು, ಕೊಟ್ಟರೆ ಇಪ್ಪತ್ತಾರು ಮನೆಗಳ ಮಾನ ಹೋದೀತು. ಉಲ್ಲೇಖ ಎರಡರ ಇಪ್ಪತ್ತು ದಿನಗಳು ಹೋದದ್ದು ಹೀಗೆ.

8. ಚಾಪೆ ಸಮೇತ ಬಸ್ಸಿಳಿದ ನೋಣಯ್ಯರನ್ನು, ಹಿಂದೆ ಅವರ ಹೆಸರಿನಲ್ಲಿ ಬೆಂಗಳೂರಿಗೆ ಹೋಗಿ ಗುಣವಾಗಿ ಬಂದ ಒಬ್ಬ ಹೆಂಗಸು ನೋಡಿ ವಿಚಾರಿಸಿದರು. ಅವರು ಯಾರಿಗೆ ಹೇಳಿದರೋ, ನಿನ್ನೆ ಭಾನುವಾರ ಅರ್ಜಿದಾರಳ ಮನೆಯ ಹಿತ್ತಿಲ ಬಾಗಿಲಿಗೆ ಒಬ್ಬೊಬ್ಬರೇ ತಲೆಗೆ ಮುಂಡಾಸು, ಸೆರಗು ಮುಚ್ಚಿಕೊಂಡು ಬರತೊಡಗಿದರು. ಒಳಗೆ ಬಂದು ನೋಡಿದರೆ ಮೊದಲೇ ಬಂದವರಿದ್ದಾರೆ. ಒಂದೇ ಬೀದಿಯ ಎದುರುಬದುರು ಮನೆಯವರಿಬ್ಬರು ವರ್ಷವಿಡೀ ಒಬ್ಬರಿಗೊಬ್ಬರು ತಿಳಿಯದಂತೆ ಕಾಯಿಲೆ ಅಡಗಿಸಿದ್ದವರು, ಅಡಿಗೆಮನೆಯಲ್ಲಿ ಮುಖಾಮುಖಿಯಾಗಿ, "ಹೋ, ನೀವೂ ನೋಣಯ್ಯನಾ?" ಎಂದು ಕೇಳಿಕೊಂಡರು. ಒಟ್ಟು ಹದಿನೇಳು ಮಂದಿ.

ನಿಜವಾದ ಹೆಸರು ಕೊಡಿರೆಂದು ಅರ್ಜಿದಾರಳು ಅವರನ್ನು ಕೇಳಲಿಲ್ಲ. ಹೆಣ್ಣುಮಕ್ಕಳಿಬ್ಬರ ಮದುವೆ ಬಾಕಿಯಿರುವ ಒಬ್ಬ ತಾಯಿಯೇ ಹೇಳಿದರು: "ಮದುವೆ ಒಂದು ವರ್ಷ ತಡವಾದ್ರೂ ಆಗ್ತದೆ. ಅವರ ಬಾಯಿ ಅಷ್ಟು ದಿನ ನಿಲ್ಲುದಿಲ್ಲ. ಎಲ್ಲಿ ಹೆಬ್ಬೆಟ್ಟು ಒತ್ತುದು ಹೇಳಿ." ಅನಂತರ ಹದಿನೇಳು ಮಂದಿಯೂ "ನಾನು ನೋಣಯ್ಯ ಅಲ್ಲ" ಎಂಬ ಹೇಳಿಕೆಯ ಕೆಳಗೆ ತಮ್ಮ ತಮ್ಮ ಹೆಸರು ಹಾಕಿದರು. ಒಬ್ಬರು ಅಭ್ಯಾಸಬಲದಿಂದ ನೋಣಯ್ಯ ಎಂದೇ ಸಹಿ ಮಾಡಿ ಹೊಡೆದುಹಾಕಿದ್ದಾರೆ, ಮನ್ನಿಸಬೇಕು.

ಆದ್ದರಿಂದ, ಸುಳ್ಳು ಬರೆದ ಕಾರಣಕ್ಕೆ ಅರ್ಜಿದಾರಳ ಸರ್ಟಿಫಿಕೇಟನ್ನು ತಡೆಹಿಡಿಯುವುದಾದರೆ ತಡೆಹಿಡಿದು, ಶ್ರೀ ನೋಣಯ್ಯರ ಸರದಿಯನ್ನು ಮಾತ್ರ ತಡೆಹಿಡಿಯದೆ, ಈ ವಾರದಲ್ಲೇ ಅವರಿಗೆ ಒಂದು ಹಾಸಿಗೆ ಕೊಡಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ, ಹಾಗೂ ತಾವು ಒಪ್ಪಿದರೆ ಇನ್ನೂ ವಿದ್ಯಾರ್ಥಿನಿ,
ಪದ್ಮಲತಾ

ಲಗತ್ತುಗಳು:
1. ಪ್ರಕರಣ ಪುಸ್ತಕ, ಒಂದು.
2. ಹುಣ್ಣಿನ ತುಂಡಿನ ಪರೀಕ್ಷಾ ವರದಿ, ಒಂದು.
3. ಹದಿನೇಳು ಮಂದಿಯ ಹೇಳಿಕೆ, ನಿಜವಾದ ಹೆಸರುಗಳ ಸಮೇತ. ಓದಿದ ಮೇಲೆ ಸುಟ್ಟುಬಿಡಬೇಕು.
4. ನೋಣಯ್ಯ, ಸ್ವತಃ. ಈ ಅರ್ಜಿಯನ್ನು ತಮ್ಮ ಮೇಜಿನ ಮುಂದೆ ಹಿಡಿದು ನಿಂತಿರುವವರು.

ಸೂಚನೆ: ಮೊದಲ ಮೂರು ಲಗತ್ತುಗಳು ವಾಪಸು ಬೇಡ. ನಾಲ್ಕನೆಯದನ್ನು ಕೆಲಸ ಮುಗಿದೊಡನೆ ಕಡ್ಡಾಯವಾಗಿ ವಾಪಸು ಕಳುಹಿಸಬೇಕಾಗಿ ವಿನಂತಿ.