ಎದುರು ಫ್ಲ್ಯಾಟಿನ ಡೈವೋರ್ಸು

ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಎದುರು ಫ್ಲ್ಯಾಟಿನ ಚೀನಾದ ನೆಲ್ಲಿ ಹೇಳಿದ ಮಾತಿಗೆ ಹವ್ವಮ್ಮನ ಕೈಯ ತರಕಾರಿ ಚೀಲ ಜಾರಿಬಿತ್ತು.

"ಸಂಜೆ ಫ್ಲೈಟಿಗೆ ಊರಿಗೆ ಹೊರಟೆವು ದೀದಿ. ಡೈವೋರ್ಸ್ ಮಾಡ್ಲಿಕ್ಕೆ!"

ಮದುವೆಗೆ ಕರೆಯುವವಳ ಹಾಗೆ ನಗುತ್ತ ನೆಲ್ಲಿ ಕೆಳಗಿಳಿದು ಹೋದಳು.

ನೆಲ್ಲಿ ಮತ್ತವಳ ಗಂಡ ಓಲಿವರ್ ಕೊಲ್ಲಿ ದೇಶದ ಈ ಮನಾಮ ಪಟ್ಟಣದಲ್ಲಿ ದೀಪದ ಅಂಗಡಿ ಇಟ್ಟವರು. ಹೆಸರು ಗಿರಾಕಿಗಳಿಗಾಗಿ ಇಟ್ಟುಕೊಂಡದ್ದು, ಹಿಂದಿ ಗಿರಾಕಿಗಳಿಂದ ಕಲಿತದ್ದು. ಗುಫೂಲ್ ಬಡಾವಣೆಯ ಈ ಕಟ್ಟಡದಲ್ಲಿ ಆರು ವರ್ಷದಿಂದ ಅವರ ಜಗಳದ ಸದ್ದು ಕೇಳಿದವರಿಲ್ಲ. ಅಂಥ ಸಂಸಾರ ಕಣ್ಣೆದುರೇ ಮುರಿಯುವುದೆಂದರೆ! ಹವ್ವಮ್ಮ ಡಿಪ್ಲೊಮ್ಯಾಟಿಕ್ ಏರಿಯಾದ ಆಫೀಸಿನಲ್ಲಿದ್ದ ಗಂಡ ಮೊಯಿದಿನ್‌ಗೆ ಫೋನು ಹಚ್ಚಿದಳು.

"ಅರ್ಧ ದಿನ ರಜೆ ಹಾಕಿ ಬನ್ನಿ."

"ಅವರ ಡೈವೋರ್ಸಿಗೆ ನನಗೆಂತಕ್ಕೆ ರಜೆ?" ಎಂದ ಮೊಯಿದಿನ್, ಆದರೂ ಬಂದ. ಮೇಲಿನ ಮಹಡಿಯ ಭಾನುಮತಿ ಕರೆಯದೆಯೇ ಬಂದಳು.

ಮಧ್ಯಾಹ್ನ ಹವ್ವಮ್ಮನ ಮನೆಯಲ್ಲಿ ಪಂಚಾಯಿತಿ ಕೂತಿತು. ಗಂಡ ಹೆಂಡತಿಯನ್ನು ಸೋಫಾದ ಎರಡು ತುದಿಯಲ್ಲಿ ಕೂರಿಸಿದರು.

"ಇದು ಬರೀ ಕಾಗದದ..." ಓಲಿವರ್ ಬಾಯಿ ತೆರೆದ.

"ಕಾಗದ ಮತ್ತೆ ನೋಡುವಾ. ಮೊದ್ಲು ಮನಸ್ಸಲ್ಲಿ ಇರುವುದನ್ನು ಹೇಳಿ!" ಹವ್ವಮ್ಮ ಗದರಿದಳು.

"ನನಗೆ ದೂರು ಎಂತದೂ ಇಲ್ಲ," ಎಂದಳು ನೆಲ್ಲಿ.

"ಎಂತದೂ ಇಲ್ಲದೆ ಡೈವೋರ್ಸಾ ಮಾರಾಯ್ತಿ?" ಭಾನುಮತಿ ಹತ್ತಿರ ಸರಿದಳು. "ಗೊರಕೆಯಾ? ಅತ್ತೆಯಾ?"

ನೆಲ್ಲಿ ಯೋಚಿಸಿದಳು. ಗೊರಕೆ ಉಂಟು. ಅತ್ತೆಯ ಫೋನು ದಿನಕ್ಕೆ ನಾಲ್ಕು ಸಲ ಉಂಟು. ಯೋಚಿಸಿದಷ್ಟೂ ಅವಳ ಮುಖ ಕುಕ್ಕರಿನಂತೆ ಬಿಸಿಯಾಗತೊಡಗಿತು.

"ನನ್ನ ಸೂಪು ಪಾತ್ರೆ ತೊಳೆದ ನೀರಿನ ಹಾಗೆ ಅಂತ ಹೇಳಿದವ ಇವ!"

"ಹೇಳಿದ್ದು ಸತ್ಯ," ಓಲಿವರನಿಗೂ ರೇಗಿತು. "ಸಾಕಿದ್ದ ಆಮೆಗೆ ನೀನು ಇಡುತ್ತಿದ್ದ ಊಟವೇ ಚಂದ ಇತ್ತು. ಅದಕ್ಕೇ ಅದನ್ನು ಮೀನಂಗಡಿಯವನಿಗೆ ಕೊಟ್ಟುಬಿಟ್ಟೆ."



"ಕೊಟ್ಟದ್ದಾ?" ನೆಲ್ಲಿ ಎದ್ದುನಿಂತಳು. "ಆಮೆ ಓಡಿಹೋಯ್ತು ಅಂದಿದ್ದಿ! ನಾಲ್ಕನೇ ಮಹಡಿಯಿಂದ!"

ಕುಶನ್ನು ಹಾರಿತು. ಮೊಯಿದಿನ್ ಅಡ್ಡ ಬಂದು ಮೂಗಿಗೆ ಏಟು ತಿಂದ.

"ಅಯ್ಯೋ, ಕೇಳಿ!" ಓಲಿವರ್ ಕಿರುಚಿದ. "ನಮ್ಮ ಊರಲ್ಲಿ ಸರ್ಕಾರದ ಕಾನೂನು. ಒಂದು ಸಂಸಾರಕ್ಕೆ ಎರಡೇ ಮನೆ. ಕಾಗದದಲ್ಲಿ ಬೇರೆಯಾದ್ರೆ ಮೂರನೆಯದು ತಗೊಳ್ಬಹುದು. ತಗೊಂಡ ಮೇಲೆ ಪುನಃ ಮದುವೆ!"

ಹವ್ವಮ್ಮ ಬಿದ್ದ ಕುಶನ್ನು ಎತ್ತಿಕೊಂಡಳು. "ಅಂದ್ರೆ ನಿಮಗೆ ಜಗಳವೇ ಇರ್ಲಿಲ್ವಾ?"

"ನೀವು ಕೂರಿಸುವವರೆಗೆ ಇರ್ಲಿಲ್ಲ," ಎಂದ ಓಲಿವರ್.

ಅಷ್ಟರಲ್ಲಿ ಓಲಿವರನ ಫೋನು ಟಿಂಗೆಂದಿತು. ಓದಿದವನೇ ಅವನು ಕುಣಿದಾಡಿದ. ಊರಲ್ಲಿ ಮನೆ ಕೇಳುವವರಿಲ್ಲದೆ ಬೆಲೆ ಬಿದ್ದು, ಸರ್ಕಾರ ಇವತ್ತೇ ಆ ಕಾನೂನು ತೆಗೆದುಹಾಕಿತ್ತು. ಇನ್ನು ಯಾರು ಎಷ್ಟು ಮನೆಯನ್ನಾದರೂ ಕೊಳ್ಳಬಹುದು!

"ಡೈವೋರ್ಸ್ ಬೇಡ! ಟಿಕೆಟ್ ಕ್ಯಾನ್ಸಲ್!"

"ಅಲ್‌ಹಮ್ದುಲಿಲ್ಲಾಹ್!" ಹವ್ವಮ್ಮ ಹಲ್ವದ ಡಬ್ಬ ತೆರೆದು ಎಲ್ಲರಿಗೂ ಹಂಚಿದಳು.

ನೆಲ್ಲಿ ಹಲ್ವ ಮುಟ್ಟಲಿಲ್ಲ. "ಕಾನೂನಿಗಾಗಿ ಬೇಡ," ಎಂದಳು ನಿಧಾನವಾಗಿ. "ಈಗ ನನಗಾಗಿ ಬೇಕು. ಕಾಗದದ್ದಲ್ಲ, ನಿಜದ್ದೇ. ಅಲ್ಲಿವರೆಗೆ ದೀದಿ ಮನೆಯಲ್ಲೇ ಇರ್ತೇನೆ. ನನ್ನ ಮನಸ್ಸು ಕೇಳಿದ್ದು ದೀದಿ ಒಬ್ಬರೇ."

ಓಲಿವರ್ ಎದ್ದು ತನ್ನ ಫ್ಲ್ಯಾಟಿಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಂಡ. ಹವ್ವಮ್ಮ ಗಂಡನ ಮುಖ ನೋಡಿದಳು. ಫ್ಲ್ಯಾಟಿಗೆ ಇದ್ದದ್ದು ಒಂದೇ ಮಲಗುವ ಕೋಣೆ.

ಮೊಯಿದಿನ್ ತಲೆದಿಂಬು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಹೋಗಿ ಎದುರು ಫ್ಲ್ಯಾಟಿನ ಬೆಲ್ ಒತ್ತಿದ.